ಪ್ಯಾಟರ್ನ್ ಶಾಪಿನ ಅಡಿಪಟ್ಟಿ

ಭದ್ರಾವತಿಯ ನ್ಯೂ ಟೌನ್ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಕರಿಬಸಮ್ಮ ಗೋಡೆಗೆ ಒಂದೇ ಒಂದು ಮೊಳೆ ಹೊಡೆದವರಲ್ಲ. ಹೊಡೆಯಬೇಡಿ ಎಂದು ಯಾರೂ ಹೇಳಿರಲಿಲ್ಲ. ಅಕ್ಕಪಕ್ಕದವರ ಗೋಡೆಗಳ ತುಂಬ ದೇವರ ಪಟ, ಮದುವೆ ಫೋಟೋ, ಗಡಿಯಾರ ಎಲ್ಲ ಧಾರಾಳವಾಗಿ ನೇತಾಡುತ್ತಿದ್ದವು. ಕರಿಬಸಮ್ಮ ಮಾತ್ರ, "ಕಂಪನಿ ಗೋಡೆ ಕಣ್ರೀ. ಒಂದಿನ ಬಿಟ್ಟು ಹೋಗೋರು ನಾವು, ತೂತು ಮಾಡಿ ಹೋಗೋದು ಯಾಕೆ?" ಎನ್ನುತ್ತ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟುತ್ತಿದ್ದರು. ಗಾಳಿ ಬೀಸಿದರೆ ತಿಂಗಳುಗಳೆಲ್ಲ ಮಗುಚಿಕೊಂಡು, ಅಮಾವಾಸ್ಯೆ ಯಾವತ್ತು ಎಂದು ನೋಡಲು ಹೋದವರಿಗೆ ದೀಪಾವಳಿ ಕಾಣುತ್ತಿತ್ತು. ಅವರ ಮೊಳೆಗಳೆಲ್ಲ ಜನ್ನಾಪುರದಲ್ಲಿ ಕೊಂಡಿಟ್ಟಿದ್ದ ಸೈಟಿಗೆ ಮೀಸಲು. ಗಂಡ ಧರ್ಮಪ್ಪ ಕಾರ್ಖಾನೆಯಿಂದ ನಿವೃತ್ತರಾದಾಗ ಬರುವ ಪಿ.ಎಫ್. ಹಣದಲ್ಲಿ ಅಲ್ಲಿ ಒಂದು ಪುಟ್ಟ ಮನೆ ಏಳಬೇಕು, ಅದರ ಗೋಡೆಗೆ ಮನಸ್ಸಿಗೆ ಬಂದಲ್ಲಿ ಮೊಳೆ ಬೀಳಬೇಕು.

ಮಗಳು ಕವನಳ ಕಥೆ ಹೇಳಲು ಹೊರಟು ತಾಯಿಯ ಮೊಳೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಕವನ ಏನು ಓದಲು ಹೊರಟರೂ ಪಣಕ್ಕೆ ಬೀಳುತ್ತಿದ್ದದ್ದು ಆ ಮನೆಯೇ.

ಧರ್ಮಪ್ಪ ಉಕ್ಕಿನ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮರಗೆಲಸದವರು. ಯಾವ ಉಕ್ಕಿನ ಭಾಗವನ್ನು ಎರಕ ಹೊಯ್ಯಬೇಕೋ ಅದರ ರೂಪವನ್ನು ಅಲ್ಲಿ ಮೊದಲು ಮರದಲ್ಲಿ ಮಾಡುತ್ತಾರೆ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಕುಳಿಯೊಳಕ್ಕೆ ಕರಗಿದ ಉಕ್ಕು ಸುರಿಯುತ್ತಾರೆ. ಧರ್ಮಪ್ಪನವರ ಹತ್ತಿರ ಎರಡಡಿ ಉದ್ದದ ಒಂದು ಹಳೆಯ ಅಡಿಪಟ್ಟಿ ಇತ್ತು. ಹಿರಿಯ ಮೇಸ್ತ್ರಿ ಮುರುಗೇಶಪ್ಪ ಕೆಲಸ ಮುಗಿಸಿ ಸೇಲಂ ಕಡೆಗೆ ಹೊರಟಾಗ "ಇದು ನಿನ್ಕೈಲೇ ಇರ್ಲಿ ತಂಬಿ" ಎಂದು ಕೊಟ್ಟು ಹೋದದ್ದು. ಅದರ ಮೇಲಿನ ಅಕ್ಷರಗಳೆಲ್ಲ ಸವೆದು ಗೀರುಗಳಷ್ಟೇ ಉಳಿದಿದ್ದವು. ಮನೆಯ ಮಣೆ, ಸ್ಟೂಲು, ದೇವರ ಮಂಟಪ, ಕವನಳ ಓದುವ ಮೇಜು ಎಲ್ಲವೂ ಆ ಪಟ್ಟಿಯಲ್ಲೇ ಅಳೆದು ಮಾಡಿದವು. ಅಡಿ ಎಂದರೆ ಇಷ್ಟು, ಇಂಚು ಎಂದರೆ ಇಷ್ಟು ಎಂದು ಕವನ ಕಲಿತದ್ದೂ ಅದರ ಮೇಲೆಯೇ.

ಸಿವಿಲ್ ಡಿಪ್ಲೊಮಾ ಮುಗಿಸಿದ ಕವನ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಷಡಕ್ಷರಪ್ಪ ಎಂಬ ಇಂಜಿನಿಯರರ ಕಚೇರಿ ಸೇರಿದ್ದಳು. ಹಳೆಯ ವರ್ತಕರ ಮನೆತನದವರು, ಬಾಯಲ್ಲಿ ಸದಾ ಎಲೆಯಡಿಕೆ, ಅದರ ಸಂದಿಯಿಂದಲೇ ಬೈಗುಳ, ಅದರ ಸಂದಿಯಿಂದಲೇ ಹೊಗಳಿಕೆ. ಕವನ ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ನೇತುಬಿದ್ದು ಬಂದು ಮನೆಗಳ ನಕ್ಷೆ ಬರೆಯುತ್ತಿದ್ದಳು. ಸಂಬಳ ಎರಡು ಸಾವಿರ. ಅವಳಿಗೆ ಸಂಬಳಕ್ಕಿಂತ ಹೆಚ್ಚು ಕಿರಿಕಿರಿ ಮಾಡುತ್ತಿದ್ದ ವಿಷಯ ಬೇರೆ. ನಕ್ಷೆಯಲ್ಲಿ ಗೋಡೆಗೆ ಎರಡು ಗೆರೆ, ಕಿಟಕಿಗೆ ಇನ್ನೆರಡು ಗೆರೆ, ಅಲ್ಲಿಗೆ ಮುಗಿಯಿತು. ಆ ಕಿಟಕಿ ಗೋಡೆಯಲ್ಲಿ ಕೂರುವುದು ಹೇಗೆ, ಮೇಲೆ ಬಿದ್ದ ನೀರು ಯಾವ ದಾರಿ ಹಿಡಿದು ಇಳಿಯಬೇಕು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಅದೆಲ್ಲ ಮೇಸ್ತ್ರಿ ನೋಡ್ಕೊಳ್ತಾನೆ." ಮೇಸ್ತ್ರಿಯನ್ನು ಕೇಳಿದರೆ, "ಪ್ಲಾನಲ್ಲಿ ಇಲ್ವಲ್ಲಮ್ಮ" ಎನ್ನುತ್ತಿದ್ದ. ಇಬ್ಬರ ನಡುವೆ ನೀರು ಆರಾಮವಾಗಿ ಮನೆಯೊಳಗೆ ಬರುತ್ತಿತ್ತು.

2001ರ ಬೇಸಿಗೆಯಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಮೈಸೂರಿನ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಆರ್ಕಿಟೆಕ್ಚರಲ್ ಟೆಕ್ನಾಲಜಿ ಎಂಬ ಹೊಸ ಪದವಿ. ಕಟ್ಟಡ ಹೇಗೆ ಕಾಣಬೇಕು ಎನ್ನುವುದಕ್ಕಿಂತ ಅದು ಹೇಗೆ ಕೂಡಬೇಕು, ಕಲ್ಲಿಗೆ ಕಬ್ಬಿಣ, ಕಬ್ಬಿಣಕ್ಕೆ ಗಾಜು ಹೇಗೆ ಒಗ್ಗಬೇಕು ಎಂದು ಕಲಿಸುವ ಓದು. ಡಿಪ್ಲೊಮಾ ಆದವರಿಗೆ ನೇರ ಎರಡನೇ ವರ್ಷಕ್ಕೆ ಪ್ರವೇಶ, ಮೂರು ವರ್ಷಕ್ಕೆ ಮುಗಿಯುತ್ತದೆ. ಕವನ ತರಿಸಿಕೊಂಡ ನುಣುಪು ಕಾಗದದ ಪುಸ್ತಿಕೆಯಲ್ಲಿ, ಓದು ಮುಗಿಸಿದವರಿಗೆ ಮೊದಲ ತಿಂಗಳಿಂದಲೇ ಹನ್ನೆರಡು ಸಾವಿರ ಸಂಬಳ ಖಚಿತ ಎಂದು ಅಚ್ಚಾಗಿತ್ತು. ಫೀಸಿಗೆ ಬ್ಯಾಂಕು ಹೊಸದಾಗಿ ಕೊಡಲು ಶುರು ಮಾಡಿದ್ದ ವಿದ್ಯಾಭ್ಯಾಸ ಸಾಲ, ಒಂದು ಲಕ್ಷದ ಇಪ್ಪತ್ತು ಸಾವಿರ. ಹಾಸ್ಟೆಲ್ ಖರ್ಚು ಅಪ್ಪನ ಸಂಬಳದಿಂದ. ಸಾಲಕ್ಕೆ ಅಪ್ಪನ ಸಹಿ ಬೇಕು. ಮಗಳು ತೀರಿಸದಿದ್ದರೆ ಅಪ್ಪ ತೀರಿಸಬೇಕು, ಅಂದರೆ ಪಿ.ಎಫ್. ಹಣ, ಅಂದರೆ ಜನ್ನಾಪುರದ ಮನೆ.

"ಆ ದುಡ್ಡಿಗೆ ಕೈ ಹಾಕ್ಬೇಡಿ," ಎಂದರು ಕರಿಬಸಮ್ಮ ಗಂಡನಿಗೆ. "ರಿಟೈರ್ ಆದ್ಮೇಲೆ ಕ್ವಾರ್ಟರ್ಸ್ ಖಾಲಿ ಮಾಡು ಅಂತಾರೆ. ಈ ವಯಸ್ಸಲ್ಲಿ ಬಾಡಿಗೆ ಮನೆ ಹುಡುಕ್ತಾ ಅಲಿಬೇಕಾ ನಾವು?"

"ನಾನು ತೀರಿಸ್ತೀನಮ್ಮ."

"ಕೆಲಸ ಸಿಕ್ಕಿದ್ರೆ ತಾನೆ? ಈಗ ಎರಡು ಸಾವಿರ ಬರ್ತಿಲ್ವಾ? ಸುಮ್ನೆ ಇರೋಕೇನು ನಿಂಗೆ?"

ಧರ್ಮಪ್ಪ ಇಬ್ಬರ ಮುಖವನ್ನೂ ನೋಡಿ, ಯಾರ ಪರ ಮಾತಾಡಿದರೂ ರಾತ್ರಿಯ ಊಟಕ್ಕೆ ಕಷ್ಟ ಎಂದು ತಿಳಿದು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಒಳ್ಳೆಯ ಮನುಷ್ಯ, ಆದರೆ ಇಂಥ ಹೊತ್ತಿನಲ್ಲಿ ಯಾವ ಪ್ರಯೋಜನಕ್ಕೂ ಬಾರದವರು.

ಇದರ ನಡುವೆಯೇ ಕವನ ಕೈಯಾರೆ ಒಂದು ಎಡವಟ್ಟು ಮಾಡಿಕೊಂಡಳು. ಶಿವಮೊಗ್ಗದ ವಿನೋಬನಗರದಲ್ಲಿ ಶಂಕರಮ್ಮ ಎಂಬ ನಿವೃತ್ತ ಸ್ಕೂಲ್ ಮೇಡಂ ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಕಬ್ಬಿಣದ ಕಿಟಕಿಗಳಿಗೆ ಅಳತೆ ಕೊಡಬೇಕಿತ್ತು. ಕಚೇರಿಯ ಟೇಪು ಆಯನೂರಿನ ಕೆಲಸಕ್ಕೆ ಹೋಗಿದ್ದರಿಂದ ಕವನ ಮನೆಯಿಂದ ಅಪ್ಪನ ಅಡಿಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋದಳು. ಸಾವಧಾನವಾಗಿ ಎರಡೆರಡು ಸಲ ಅಳೆದು ಬರೆದುಕೊಂಡಳು. ಕಿಟಕಿಗಳು ತಯಾರಾಗಿ ಬಂದವು. ಎತ್ತಿ ಇಟ್ಟರೆ ಪ್ರತಿಯೊಂದರ ಸುತ್ತಲೂ ಬೆಳಕು ಕಾಣುತ್ತಿತ್ತು. ಅಗಲದಲ್ಲೂ ಎತ್ತರದಲ್ಲೂ ಇಂಚಿನಷ್ಟು ಚಿಕ್ಕವು.

"ಒಂದು ಕಿಟಕಿ ತಪ್ಪಾದ್ರೆ ಕಣ್ತಪ್ಪು ಅನ್ನಬಹುದು ಮಾರಾಯ್ತಿ," ಎಂದರು ಷಡಕ್ಷರಪ್ಪ, ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸಿ. "ಎಲ್ಲಾ ಕಿಟಕಿನೂ ಒಂದೇ ಥರ ತಪ್ಪು ಮಾಡೋಕೆ ಭಾರೀ ಶ್ರದ್ಧೆ ಬೇಕು."

ಮೇಸ್ತ್ರಿ ನಾಗಯ್ಯ ಪಕ್ಕಕ್ಕೆ ತಿರುಗಿ ನಕ್ಕ. ಕವನಳಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮನೆಗೆ ಬಂದವಳೇ ಬಟ್ಟೆ ಹೊಲಿಯುವ ಟೇಪು ತೆಗೆದು, ಅಡುಗೆಮನೆಯ ನೆಲದ ಮೇಲೆ ಅಡಿಪಟ್ಟಿಯ ಪಕ್ಕ ಹಾಸಿದಳು. ಪಟ್ಟಿಯ ಎರಡಡಿ, ಟೇಪಿನ ಎರಡಡಿಗಿಂತ ಅರ್ಧ ಇಂಚು ಉದ್ದವಿತ್ತು. ಅದರಲ್ಲಿ ಅಳೆದ ಲೆಕ್ಕವೆಲ್ಲ ಕಡಿಮೆ ಬಂದಿತ್ತು.

ಶಿಫ್ಟು ಮುಗಿಸಿ ಬಂದ ಧರ್ಮಪ್ಪ ಅದನ್ನು ನೋಡಿ ಮೊದಲು ನಕ್ಕರು, ಆಮೇಲೆ ಮಗಳ ಮುಖ ನೋಡಿ ಪೆಚ್ಚಾದರು.

"ಇದು ಬಿಸಿ ಅಡಿ ಕಣಮ್ಮ. ಕರಗಿದ ಉಕ್ಕು ಆರಿದ್ಮೇಲೆ ಅಡಿಗೆ ಕಾಲಿಂಚು ಕುಗ್ಗುತ್ತೆ. ಅದಕ್ಕೇ ನಾವು ಅಚ್ಚು ಮಾಡೋವಾಗ್ಲೇ ಅಷ್ಟು ದೊಡ್ಡದು ಮಾಡ್ತೀವಿ. ಪ್ರತಿ ಸಲ ಲೆಕ್ಕ ಹಾಕೋದು ಬೇಡ ಅಂತ ಸ್ಕೇಲನ್ನೇ ಉದ್ದ ಮಾಡಿಟ್ಟಿರ್ತಾರೆ."

"ಇಷ್ಟು ವರ್ಷ ಯಾಕಪ್ಪಾ ಹೇಳ್ಲಿಲ್ಲ?"

"ಭದ್ರಾವತಿಲಿ ಯಾರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ."

ಪ್ಯಾಟರ್ನ್ ಶಾಪಿನ ಒಳಗೇ ಆಯುಷ್ಯ ಕಳೆದವರ ಭದ್ರಾವತಿ ಅಷ್ಟೇ ಇರುತ್ತದೆ, ಏನು ಮಾಡುವುದು. ಕರಿಬಸಮ್ಮ ಮಾತ್ರ ಸಿಕ್ಕ ಅವಕಾಶ ಬಿಡಲಿಲ್ಲ. "ಕಿಟಕಿ ಅಳೆಯೋಕೇ ಬರ್ದಿರೋಳಿಗೆ ಲಕ್ಷ ರೂಪಾಯಿ ಸಾಲ ಬೇರೆ ಕೇಡು," ಎಂದು ಬಿಟ್ಟರು. ಆ ಮಾತು ಕವನಳ ಎದೆಗೆ ಚುಚ್ಚಿತು. ರಾತ್ರಿ ಊಟ ಬಿಟ್ಟಳು.

ಬೆಳಿಗ್ಗೆ ವಿನೋಬನಗರದಲ್ಲಿ ನಾಗಯ್ಯ ಸಂದಿಗಳಿಗೆ ಸಿಮೆಂಟು ತುಂಬಲು ಬಾಂಡಲಿ ಹಿಡಿದು ನಿಂತಿದ್ದ. ಕವನ ಬೇಡವೆಂದಳು. ಇಷ್ಟು ದಪ್ಪ ಸಿಮೆಂಟು ಕಬ್ಬಿಣದ ಪಕ್ಕದಲ್ಲಿ ಬಿಸಿಲಿಗೆ ಬಿರುಕು ಬಿಟ್ಟೇ ಬಿಡುತ್ತದೆ, ಜೂನ್ ತಿಂಗಳಿಗೆ ಮೇಡಂ ಮನೆಯೊಳಗೆ ಬಕೆಟ್ ಇಡಬೇಕಾಗುತ್ತದೆ. ಅವಳು ಮರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಕಿಟಕಿಯ ನಾಲ್ಕೂ ಬದಿಗೆ ಕಡಪ ಕಲ್ಲಿನ ತೆಳು ಪಟ್ಟಿ. ಕೆಳಗಿನ ಪಟ್ಟಿ ಹೊರಕ್ಕೆ ಇಳಿಜಾರಾಗಿ ಗೋಡೆಗಿಂತ ಸ್ವಲ್ಪ ಮುಂದೆ ಚಾಚಿರಬೇಕು. ಚಾಚಿದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆದರೆ ನೀರು ಗೋಡೆಗೆ ಹಿಂತಿರುಗದೆ ಅಲ್ಲೇ ಹನಿದು ಬೀಳುತ್ತದೆ. ನಾಗಯ್ಯ ಹಲಗೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಗೀರು ನಾನೇ ಕೊರಿತೀನಿ, ಬೇರೆಯೋರ ಕೈಗೆ ಕೊಟ್ರೆ ಕಲ್ಲು ಒಡೀತಾರೆ," ಎಂದ. ಕಲ್ಲಿನ ಖರ್ಚನ್ನು ಷಡಕ್ಷರಪ್ಪ ಅರ್ಧ ತಾವು ಹಾಕಿ, ಇನ್ನರ್ಧ ಅವಳ ಸಂಬಳದಲ್ಲಿ ಮುರಿದುಕೊಂಡರು.

ಜೂನ್ ಬಂತು. ಮೊದಲ ದೊಡ್ಡ ಮಳೆಯ ಮಾರನೆಯ ದಿನ ಶಂಕರಮ್ಮ ಆಟೋ ಮಾಡಿಕೊಂಡು ಕಚೇರಿಗೇ ಬಂದಾಗ ಕವನ ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತಳು. ಮೇಡಂ ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡು ಹೇಳಿದರು: "ಷಡಕ್ಷರಪ್ಪನೋರೇ, ಎದುರುಮನೇಲಿ ಇಡೀ ದಿನ ನೀರು ಒರೆಸ್ತಿದ್ರು. ನಮ್ಮನೇಲಿ ಒಂದು ಹನಿ ಇಲ್ಲ. ಆ ಕಲ್ಲಿನ ಪಟ್ಟಿ ನೋಡಿ, ಯಾರು ಮಾಡಿಕೊಟ್ಟಿದ್ದು ಅಂತ ಇಬ್ಬರು ಕೇಳಿದ್ರು. ಈ ಹುಡುಗಿ ಹೆಸರು ಹೇಳಿದೀನಿ." ಷಡಕ್ಷರಪ್ಪ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಆ ತಿಂಗಳ ಸಂಬಳದ ಕವರಿನಲ್ಲಿ ಮುರಿದುಕೊಂಡ ಹಣ ವಾಪಸ್ ಬಂದಿತ್ತು.

ಆ ಭಾನುವಾರ ಊಟವಾದ ಮೇಲೆ ಧರ್ಮಪ್ಪ ತಾವಾಗಿಯೇ ಕಾಲೇಜಿನ ಪುಸ್ತಿಕೆ ಕೇಳಿದರು. ಹನ್ನೆರಡು ಸಾವಿರ ಎಂದಿದ್ದ ಕಡೆ ಬೆರಳಿಟ್ಟು, "ಇದು ಬಿಸಿ ಅಡೀಲಿ ಬರ್ದಿರೋದು ಕಣಮ್ಮ. ಆರಿದ್ಮೇಲೆ ಎಷ್ಟು ಉಳಿಯುತ್ತೆ ಅಂತ ವಿಚಾರಿಸ್ಕೊಂಡು ಬಾ. ಆರಿದ ಅಳತೆಗೆ ಸಾಲ ಕೂತ್ರೆ ನಾನು ಸಹಿ ಹಾಕ್ತೀನಿ," ಎಂದರು.

ಕವನ ನಾಚಿಕೆ ಬಿಟ್ಟು ಶಿವಮೊಗ್ಗದ ಇಂಜಿನಿಯರರು, ಬಿಲ್ಡರುಗಳ ಕಚೇರಿಗಳಿಗೆ ಒಂದೊಂದಾಗಿ ಹೋಗಿ ನೇರವಾಗಿಯೇ ಕೇಳಿದಳು: ಈ ಕೋರ್ಸು ಮುಗಿಸಿದವಳು ಬಂದರೆ ಎಷ್ಟು ಕೊಡುತ್ತೀರಿ? ಒಬ್ಬರು ಅಂಥ ಕೋರ್ಸನ್ನೇ ಕೇಳಿಲ್ಲ ಎಂದರು. ಇನ್ನೊಬ್ಬರು ಮದುವೆಯ ವಿಷಯ ತೆಗೆದರು. ಮತ್ತೊಬ್ಬರು ನಾಲ್ಕು ಸಾವಿರ ಎಂದರು. ಕೊನೆಗೆ ತನ್ನ ಯಜಮಾನರನ್ನೇ ಕೇಳಿದಳು. ಷಡಕ್ಷರಪ್ಪ ಬಹಳ ಹೊತ್ತು ಅಗಿದರು.

"ಆರು. ಕಿಟಕಿ ಸೋರದಿದ್ರೆ ಆರು ಸಾವಿರ."

ಹನ್ನೆರಡು ಸಾವಿರ ಆರಿ ಆರಾಗಿತ್ತು. ಬ್ಯಾಂಕಿನ ಕಂತು ಐದು ವರ್ಷ, ತಿಂಗಳಿಗೆ ಮೂರು ಸಾವಿರದ ಚಿಲ್ಲರೆ. ಕಂತು ಕಟ್ಟಿದರೂ ಕೈಯಲ್ಲಿ ಈಗಿನ ಸಂಬಳಕ್ಕಿಂತ ಒಂದಿಷ್ಟು ಹೆಚ್ಚೇ ಉಳಿಯುತ್ತದೆ, ಮನೆಯಿಂದಲೇ ಓಡಾಡಿಕೊಂಡಿದ್ದರೆ. ಐದು ವರ್ಷ ಹೊಸ ಸೀರೆ, ಪ್ರವಾಸ ಎಲ್ಲ ಮರೆಯಬೇಕು. ಆದರೆ ಅಳತೆ ಕೂತಿತ್ತು.

ಕರಿಬಸಮ್ಮ ಎಲ್ಲವನ್ನೂ ಅಕ್ಕಿ ಆರಿಸುತ್ತ ಕೇಳಿಸಿಕೊಂಡರು. ಕೊನೆಗೆ ಮೊರ ಕೆಳಗಿಟ್ಟರು. "ಆ ಮೇಡಂ ಮನೇಲಿ ನಿಜವಾಗ್ಲೂ ಒಂದು ಹನಿ ಬರ್ಲಿಲ್ವಾ?"

"ಇಲ್ಲಮ್ಮ."

"ನನ್ನ ಮನೆ ನೀನೇ ಕಟ್ಟಿಸಿಕೊಡ್ತೀಯಾ?"

"ನಾನೇ ಕಟ್ಟಿಸ್ತೀನಿ. ನಿನ್ನ ದುಡ್ಡಿನ ಒಂದು ರೂಪಾಯಿನೂ ಸಾಲಕ್ಕೆ ಹೋಗಲ್ಲ."

ಕರಿಬಸಮ್ಮ ಮತ್ತೆ ಮೊರ ಎತ್ತಿಕೊಂಡರು. ಆದರೆ ಸೋಮವಾರ ಧರ್ಮಪ್ಪ ಮಗಳ ಜೊತೆ ಬ್ಯಾಂಕಿಗೆ ಹೊರಟಾಗ ಅವರು ಮದುವೆಮನೆಗೆ ಉಡುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಪ್ರಸನ್ನಕುಮಾರ್, ಅಪ್ಪ ಮಗಳಿಬ್ಬರ ಸಹಿ ತೆಗೆದುಕೊಂಡು ಕಾಗದ ಮಡಿಸತೊಡಗಿದಾಗ ಕರಿಬಸಮ್ಮ ಕೈ ಚಾಚಿದರು.

"ನಿಮ್ಮ ಸಹಿ ಬೇಕಾಗಿಲ್ಲಮ್ಮ," ಎಂದರು ಮ್ಯಾನೇಜರ್.

"ಹೋದ್ರೆ ಹೋಗೋದು ನನ್ನ ಮನೆ ಸ್ವಾಮಿ. ನಂದೂ ಒಂದಿರ್ಲಿ."

ಪ್ರಸನ್ನಕುಮಾರ್ ಕಾಗದವನ್ನು ಬಿಚ್ಚಿ ಸಾಕ್ಷಿ ಎಂದಿದ್ದ ಜಾಗ ತೋರಿಸಿದರು. ಕರಿಬಸಮ್ಮ ಒತ್ತಿ ಒತ್ತಿ, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು. ಕವನ ಆ ಮೂರು ವರ್ಷ ಓದಿದ್ದು ಆ ಸಹಿಗೆ ಹೆದರಿಯೇ.

ಓದು ಸುಲಭವಾಗಿರಲಿಲ್ಲ. ಇಂಗ್ಲಿಷಿನ ಪಾಠಗಳು ಮೊದಲ ವರ್ಷ ಅವಳ ಕಣ್ಣಲ್ಲಿ ನೀರು ತರಿಸಿದವು. ಆದರೆ ಕಲ್ಲು, ಕಬ್ಬಿಣ, ಗಾಜು ಹೇಗೆ ಕೂಡುತ್ತವೆ ಎಂಬ ಚಿತ್ರ ಬರೆಯುವಾಗ ಕವನಳ ಮೇಜಿನ ಸುತ್ತ ಸಹಪಾಠಿಗಳು ಬಂದು ನಿಲ್ಲುತ್ತಿದ್ದರು. 2004ರಲ್ಲಿ ತರಗತಿಗೆ ಎರಡನೆಯವಳಾಗಿ ಮುಗಿಸಿದಳು. ಕೆಲಸ ಕೊಡಲು ಬಂದ ಕಂಪನಿಗಳು ಐದು ಸಾವಿರ, ಆರು ಸಾವಿರ ಎಂದಾಗ ಹನ್ನೆರಡನ್ನು ನಂಬಿ ಬಂದವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಕವನ ಮಾತ್ರ ನೆಮ್ಮದಿಯಾಗಿ ಕ್ಯಾಂಟೀನಿನಲ್ಲಿ ಇಡ್ಲಿ ತಿಂದಳು. ಅವಳಿಗೆ ಬೆಂಗಳೂರಿನ ಒಂದು ಕಂಪನಿ ಎಂಟು ಸಾವಿರ ಕೊಡುತ್ತೇನೆಂದಿತ್ತು. ಅಲ್ಲಿಯ ಬಾಡಿಗೆ, ಊಟ, ಬಸ್ಸು ಎಲ್ಲ ಕಳೆದು ಆರಿಸಿ ನೋಡಿದಳು. ಶಿವಮೊಗ್ಗದ ಆರೇ ದೊಡ್ಡದಾಗಿ ಕಂಡಿತು. ಎಸ್.ಟಿ.ಡಿ. ಬೂತಿನಿಂದ ದುರ್ಗಿಗುಡಿಗೆ ಫೋನು ಮಾಡಿದಳು.

"ಸರ್, ಆರು ಅಂದಿದ್ರಿ."

"ಮೂರು ವರ್ಷ ಆಯ್ತಲ್ಲ ಮಾರಾಯ್ತಿ. ಏಳು ಅಂದ್ಕೊಂಡು ಬಾ."

ಮುಂದಿನದನ್ನು ಹೇಳುವಾಗ ನನಗೂ ಸ್ವಲ್ಪ ಎದೆ ಉಬ್ಬುತ್ತದೆ. ಶಿವಮೊಗ್ಗದಲ್ಲಿ ಆಗ ಎಲ್ಲಿ ನೋಡಿದರೂ ಮನೆ ಏಳುತ್ತಿದ್ದ ಕಾಲ. ಕವನಳ ನಕ್ಷೆಗಳಲ್ಲಿ ಗೋಡೆ, ಕಿಟಕಿಗಳ ಜೊತೆ ನೀರಿನ ದಾರಿಯೂ ಇರುತ್ತಿತ್ತು. ಮೊದಮೊದಲು ಮೇಸ್ತ್ರಿಗಳು "ಪೇಪರಲ್ಲಿ ಮಳೆ ಬರ್ಸ್ತಾಳೆ" ಎಂದು ಮೂಗು ಮುರಿದರು. ಎರಡು ಮಳೆಗಾಲ ಕಳೆದ ಮೇಲೆ ಅವರೇ ಮಾಲೀಕರಿಗೆ, "ಕವನ ಮೇಡಂ ಹತ್ರ ಡ್ರಾಯಿಂಗ್ ಮಾಡಿಸಿ, ಆಮೇಲೆ ನಮ್ಮನ್ನ ಬೈಬೇಡಿ" ಎನ್ನತೊಡಗಿದರು. ಅವಳ ಡ್ರಾಯಿಂಗ್ ಬೇಕೆಂದೇ ಕೆಲಸಗಳು ಬರತೊಡಗಿದಾಗ ಷಡಕ್ಷರಪ್ಪ ಅದರಲ್ಲಿ ಅವಳಿಗೂ ಪಾಲು ಕೊಟ್ಟರು. ಹನ್ನೆರಡು ಸಾವಿರ ಬಂದೇ ಬಂತು, ಕಾಲೇಜು ಹೇಳಿದ ದಿನಕ್ಕಲ್ಲ, ಅವಳು ದುಡಿದ ದಿನಕ್ಕೆ. ಆಮೇಲೆ ಅದನ್ನು ದಾಟಿಯೂ ಹೋಯಿತು. ಬ್ಯಾಂಕಿನ ಐದು ವರ್ಷದ ಸಾಲವನ್ನು ಮೂರೇ ವರ್ಷದಲ್ಲಿ ತೀರಿಸಿ, ಮುಕ್ತಾಯದ ಕಾಗದ ತಂದು ತಾಯಿಯ ಕೈಗೆ ಕೊಟ್ಟಳು. ಕರಿಬಸಮ್ಮ ಅದರಲ್ಲಿ ತಮ್ಮ ಸಹಿ ಹುಡುಕಿದರು. ಇಲ್ಲವೆಂದು ತಿಳಿದು ಕೊಂಚ ಬೇಜಾರಾಯಿತು.

ಮರುವರ್ಷ ಧರ್ಮಪ್ಪ ನಿವೃತ್ತರಾದರು. ಪಿ.ಎಫ್. ಹಣ ಪೂರ್ತಿಯಾಗಿ ಬಂತು, ಜನ್ನಾಪುರದಲ್ಲಿ ಮನೆ ಎದ್ದಿತು. ನಕ್ಷೆ ಕವನಳದು, ಮೇಸ್ತ್ರಿ ನಾಗಯ್ಯ. ಕಿಟಕಿಗಳಿಗೆ ಕಡಪ ಕಲ್ಲಿನ ಪಟ್ಟಿ ಇರಲೇಬೇಕೆಂದು ಕರಿಬಸಮ್ಮನ ಹಟ. ತಲೆಬಾಗಿಲನ್ನು ಮಾತ್ರ ತಾವೇ ಮಾಡುವುದೆಂದು ಧರ್ಮಪ್ಪ ಪಟ್ಟು ಹಿಡಿದರು. ಕವನ ಮೂರೂವರೆ ಅಡಿ, ಏಳಡಿ ಎಂದು ಅಳತೆ ಬರೆದುಕೊಟ್ಟಳು. ಬಾಗಿಲಿನ ಚೌಕಟ್ಟು ನಿಲ್ಲಿಸಿ ಹೊಸ್ತಿಲ ಪೂಜೆ ಮಾಡಿದ ದಿನ ಧರ್ಮಪ್ಪ ತಮ್ಮ ಅಡಿಪಟ್ಟಿ ಕಾಣಿಸದೆ ಬೆಳಗಿನಿಂದ ಹುಡುಕಾಡಿದರು. ಸಂಜೆಗೆ ಅದು ಎಂದಿನ ಜಾಗದಲ್ಲೇ ಇತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಾದರು.

ಹೊನ್ನೆ ಮರದ ಬಾಗಿಲು. ಒಂದು ತಿಂಗಳು ಕೂತು ಕೆತ್ತಿ, ಉಜ್ಜಿ, ಎಣ್ಣೆ ಕೊಟ್ಟು ಮಾಡಿದರು. ಗೃಹಪ್ರವೇಶಕ್ಕೆ ಮೂರು ದಿನ ಮುಂಚೆ ಬಾಗಿಲನ್ನು ಹೊತ್ತು ತಂದರು. ಕೂರಿಸುವ ಮೊದಲು ನಾಗಯ್ಯ ಅಭ್ಯಾಸಬಲದಿಂದ ಟೇಪು ಹಿಡಿದ. ಇನ್ನೊಮ್ಮೆ ಹಿಡಿದ.

"ಧರ್ಮಪ್ಪಣ್ಣ, ಏಳಡಿ ಅಂತಲ್ವಾ ಡ್ರಾಯಿಂಗಲ್ಲಿ ಇರೋದು? ಇದು ಎರಡಿಂಚಿನ ಹತ್ರ ಜಾಸ್ತಿ ಇದೆ."

ಧರ್ಮಪ್ಪ ಟೇಪು ತೆಗೆದುಕೊಂಡು ತಾವೇ ಅಳೆದರು. ಕೈಯಲ್ಲಿದ್ದ ಅಡಿಪಟ್ಟಿಯನ್ನು ನೋಡಿದರು. ಆಯುಷ್ಯವಿಡೀ ಉಕ್ಕಿಗೆ ಮಾಡಿದ ಅಳತೆಯನ್ನು ಕೈ ಮರದ ಬಾಗಿಲಿಗೂ ಮಾಡಿಬಿಟ್ಟಿತ್ತು. ಮರ ಉಕ್ಕಿನ ಹಾಗೆ ಆರಿ ಕುಗ್ಗುವುದಿಲ್ಲ. "ಮಗಳು ಕಟ್ಟಿಸಿದ ಮನೆಗೇ ಹಿಂಗೆ ಮಾಡ್ಬಿಟ್ನಲ್ಲ," ಎಂದು ಕಲ್ಲಿನ ಮೇಲೆ ಕುಸಿದು ಕೂತರು.

"ನಾಗಯ್ಯಣ್ಣ, ಎತ್ತಿ ಕೂರಿಸು," ಎಂದಳು ಕವನ.

"ಹೋಗಲ್ಲಮ್ಮ..."

"ನೀನು ಎತ್ತು."

ಎತ್ತಿದರು. ಬಾಗಿಲು ಚೌಕಟ್ಟಿನೊಳಗೆ ಸರಿದು, ಮೇಲೆ ಕೆಳಗೆ ಒಂದು ಕಾಗದ ಹೋಗುವಷ್ಟು ಸಂದಿ ಬಿಟ್ಟು, ನಯವಾಗಿ ಕೂತಿತು. ನಾಗಯ್ಯ ಬಾಯಿ ತೆರೆದು ನೋಡಿದ. ಆಮೇಲೆ ಚೌಕಟ್ಟನ್ನು ಅಳೆದ. ಅದೂ ಅಷ್ಟೇ ಹೆಚ್ಚಿತ್ತು.

"ಚೌಕಟ್ಟು ನಿಲ್ಲಿಸಿದ ದಿನ ನಿನ್ನ ಸ್ಕೇಲು ನಾನೇ ತಗೊಂಡು ಹೋಗಿದ್ದೆ ಅಪ್ಪಾ, ಬಡಗಿ ಹತ್ರ ಅದರಲ್ಲೇ ಅಳೆಸಿ ಚೌಕಟ್ಟು ಕೂಡಿಸ್ದೆ," ಎಂದಳು ಕವನ. "ನೀನು ಬೇರೆ ಅಳತೇಲಿ ಬಾಗಿಲು ಮಾಡಲ್ಲ ಅಂತ ಗೊತ್ತಿತ್ತು."

ಧರ್ಮಪ್ಪ ಎದ್ದು ಬಂದು ಬಾಗಿಲನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅವರ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಅಡಿಪಟ್ಟಿಯನ್ನು ಮಗಳ ಕೈಗಿತ್ತು, "ಇನ್ಮೇಲೆ ಇದು ನಿನ್ಹತ್ರನೇ ಇರ್ಲಿ," ಎಂದರು.

ಒಳಗಿನಿಂದ ಠಕ್ ಠಕ್ ಎಂದು ಸದ್ದು ಕೇಳಿಸಿತು. ಎಲ್ಲರೂ ಹೋಗಿ ನೋಡಿದರೆ ಕರಿಬಸಮ್ಮ ಹೊಸ ಬಣ್ಣದ ಗೋಡೆಯ ಮುಂದೆ ಸ್ಟೂಲಿನ ಮೇಲೆ ನಿಂತಿದ್ದರು. ಕಂಕುಳಲ್ಲಿ ಕ್ಯಾಲೆಂಡರು, ಬಾಯಲ್ಲಿ ನಾಲ್ಕಾರು ಮೊಳೆ, ಕೈಯಲ್ಲಿ ಧರ್ಮಪ್ಪನ ಸುತ್ತಿಗೆ.

"ಅಮ್ಮ, ಪೂಜೆ ಆಗೋವರೆಗಾದ್ರೂ ಇರು. ಎಲ್ಲಿ ಹೊಡಿಬೇಕು ಅಂತ ನಾನು ಗುರುತು ಹಾಕ್ಕೊಡ್ತೀನಿ," ಎಂದಳು ಕವನ.

ಕರಿಬಸಮ್ಮ ಮೊಳೆಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದರು.

"ನಿನ್ನ ಅಳತೆ ಎಲ್ಲಾ ಮುಗೀತಲ್ಲ. ಇದು ನನ್ನ ಗೋಡೆ," ಎಂದು ಇನ್ನೊಂದು ಏಟು ಹಾಕಿದರು.